ಎಫ್‌ಡಿಎಸ್ ಪರೀಕ್ಷೆ ತೋರುಬೆರಳಲ್ಲೂ ಕಿರುಬೆರಳಲ್ಲೂ ಕೈಕೊಡುವುದೇಕೆ?

ಆರ್ಥೋ_ಪಿಜಿ

ಅಂಗೈ ಕಡೆ ಬೆರಳಿನ ಬುಡಕ್ಕೆ ಗಾಜೋ ಚಾಕುವೋ ತಗುಲಿದಾಗ ಫ್ಲೆಕ್ಸರ್ ಡಿಜಿಟೋರಮ್ ಸೂಪರ್‌ಫಿಶಿಯಾಲಿಸ್ (ಎಫ್‌ಡಿಎಸ್, ಬೆರಳು ಮಡಚುವ ಸ್ನಾಯು) ಉಳಿದಿದೆಯೇ ಎಂದು ನೋಡುವ ಕ್ರಮ ಎಲ್ಲರಿಗೂ ಗೊತ್ತು. ಉಳಿದ ಮೂರು ಬೆರಳನ್ನು ನೇರವಾಗಿ ಹಿಡಿದು ಗಾಯವಾದ ಬೆರಳನ್ನು ಮಡಚಲು ಹೇಳುತ್ತೇವೆ. ನಡುಗೆಣ್ಣು, ಅಂದರೆ ಪಿಐಪಿ, ಬಾಗಿದರೆ ಎಫ್‌ಡಿಎಸ್ ಇದೆ, ಇಲ್ಲದಿದ್ದರೆ ತುಂಡಾಗಿದೆ. ನಡುಬೆರಳು, ಉಂಗುರಬೆರಳಿನಲ್ಲಿ ಈ ಲೆಕ್ಕ ಸರಿಹೋಗುತ್ತದೆ. ಆದರೆ ತೋರುಬೆರಳಿನಲ್ಲಿ ಎಫ್‌ಡಿಎಸ್ ಪೂರ್ತಿ ತುಂಡಾಗಿದ್ದರೂ ನಡುಗೆಣ್ಣು ಬಾಗಬಹುದು ಎನ್ನುತ್ತಾರೆ. ಕಿರುಬೆರಳಿನಲ್ಲಿ ಗಾಯವೇ ಇಲ್ಲದವರಿಗೂ ಬಾಗದೆ ಇರಬಹುದು. ಇದರ ಹಿಂದಿರುವ ರಚನೆಯನ್ನು ಯಾರಾದರೂ ಬಿಡಿಸಿ ಹೇಳುವಿರಾ? ಈ ಎರಡು ಬೆರಳಿಗೆ ಬೇರೆ ಪರೀಕ್ಷೆ ಏನಿದೆ?

ಡಿಸೆಕ್ಷನ್_ಟೇಬಲ್

ಉತ್ತರ ಎಫ್‌ಡಿಎಸ್‌ನಲ್ಲಿ ಅರ್ಧ ಇದೆ, ಅದರ ಕೆಳಗಿರುವ ಫ್ಲೆಕ್ಸರ್ ಡಿಜಿಟೋರಮ್ ಪ್ರೊಫಂಡಸ್ (ಎಫ್‌ಡಿಪಿ) ಸ್ನಾಯುವಿನಲ್ಲಿ ಇನ್ನರ್ಧ ಇದೆ.

ಮೊದಲು ಎಫ್‌ಡಿಪಿ. ಇದು ಮುಂದೋಳಿನ ಎರಡು ಮೂಳೆಗಳಲ್ಲಿ ಒಂದಾದ ಅಲ್ನಾ ಮೂಳೆಯ ಮುಂಭಾಗ ಹಾಗೂ ಒಳಬದಿಯ ಮೇಲಿನ ಮುಕ್ಕಾಲು ಪಾಲು ಮತ್ತು ಆ ಎರಡು ಮೂಳೆಗಳ ನಡುವಿನ ಪೊರೆಯಿಂದ ಹೊರಟು ನಾಲ್ಕೂ ಬೆರಳಿನ ತುದಿಮೂಳೆಯ ಬುಡಕ್ಕೆ ಅಂಟುತ್ತದೆ. ತುದಿಗೆಣ್ಣನ್ನು ಬಾಗಿಸುವ ಸ್ನಾಯು ಇದೊಂದೇ. ಆದರೆ ದಾರಿಯಲ್ಲಿ ನಡುಗೆಣ್ಣನ್ನೂ ದಾಟಿ ಹೋಗುವುದರಿಂದ ಅದನ್ನೂ ಬಾಗಿಸುತ್ತದೆ. ಎಫ್‌ಡಿಎಸ್ ಇಲ್ಲದ ಬೆರಳಿನಲ್ಲೂ ನಡುಗೆಣ್ಣು ಮಡಚುವುದು ಇದರ ಬಲದಿಂದ.

ನಡು, ಉಂಗುರ, ಕಿರುಬೆರಳಿಗೆ ಹೋಗುವ ಎಫ್‌ಡಿಪಿ ಟೆಂಡನ್‌ಗಳು (ಸ್ನಾಯುವನ್ನು ಮೂಳೆಗೆ ಜೋಡಿಸುವ ಹುರಿಗಳು) ಒಂದೇ ಮಾಂಸಭಾಗದಿಂದ ಹೊರಡುತ್ತವೆ, ಒಂದಕ್ಕೊಂದು ಎಳೆಗಳಿಂದ ಬೆಸೆದುಕೊಂಡಿರುತ್ತವೆ. ಇವುಗಳಲ್ಲಿ ಯಾವುದಾದರೂ ಒಂದು ಬೆರಳನ್ನು ನೇರವಾಗಿ ಚಾಚಿ ಹಿಡಿದರೆ ಇಡೀ ಮಾಂಸಭಾಗ ಕೆಳಕ್ಕೆ ಎಳೆದುಕೊಂಡು ನಿಲ್ಲುತ್ತದೆ, ಕುಗ್ಗಲು ಜಾಗ ಇರುವುದಿಲ್ಲ. ಪರೀಕ್ಷೆಯ ಗುಟ್ಟು ಇಷ್ಟೇ. ಬೇರೆ ಬೆರಳು ಹಿಡಿಯುವುದು ಎಫ್‌ಡಿಪಿಯನ್ನು ಕಟ್ಟಿಹಾಕಲು. ಆಮೇಲೂ ನಡುಗೆಣ್ಣು ಬಾಗಿದರೆ ಅದು ಎಫ್‌ಡಿಎಸ್‌ನ ಕೆಲಸ.

ತೋರುಬೆರಳಿನ ಎಫ್‌ಡಿಪಿಗೆ ಸಾಮಾನ್ಯವಾಗಿ ತನ್ನದೇ ಬೇರೆ ಮಾಂಸಭಾಗ ಇರುತ್ತದೆ. ಉಳಿದ ಮೂರು ಬೆರಳು ಎಷ್ಟೇ ಗಟ್ಟಿಯಾಗಿ ಹಿಡಿದರೂ ಅದು ಕಟ್ಟಿಹಾಕಿಸಿಕೊಳ್ಳುವುದಿಲ್ಲ. ಅಲ್ಲಿ ನಡುಗೆಣ್ಣು ಬಾಗಿದ್ದು ಯಾರಿಂದ ಎಂದು ಈ ಪರೀಕ್ಷೆ ಹೇಳಲಾರದು.

ಕಿರುಬೆರಳಿನದು ತಿರುವುಮುರುವು. ಅಲ್ಲಿ ಎಫ್‌ಡಿಎಸ್ ಟೆಂಡನ್ನೇ ಸಣ್ಣದು. ಕೆಲವರಲ್ಲಿ ಅದು ಉಂಗುರಬೆರಳಿನ ಎಫ್‌ಡಿಎಸ್‌ಗೆ ಅಂಟಿಕೊಂಡಿರುತ್ತದೆ, ಇನ್ನು ಕೆಲವರಲ್ಲಿ ಇರುವುದೇ ಇಲ್ಲ. ಅಂಟಿಕೊಂಡಿದ್ದರೆ ಉಂಗುರಬೆರಳನ್ನು ಹಿಡಿದ ಕ್ಷಣದಲ್ಲೇ ಕಿರುಬೆರಳೂ ಕಟ್ಟಿಹಾಕಿದಂತಾಯಿತು.

ಕೈ_ಗಾಯ

ಪರೀಕ್ಷೆಯ ವಿಷಯ ನಾನು ಪೂರ್ತಿ ಮಾಡುತ್ತೇನೆ.

ನಡುಗೆಣ್ಣು ಬಾಗಿತು ಎಂಬುದಷ್ಟೇ ಸಾಲದು. ಬಾಗಿದ ಸ್ಥಿತಿಯಲ್ಲೇ ಆ ಬೆರಳಿನ ತುದಿಯನ್ನು ನಿಮ್ಮ ಬೆರಳಿನಿಂದ ಮೇಲೆ ಕೆಳಗೆ ಅಲ್ಲಾಡಿಸಿ ನೋಡಿ. ತುದಿಗೆಣ್ಣು ಸಡಿಲವಾಗಿ, ಯಾವ ಬಿಗಿಯೂ ಇಲ್ಲದೆ ಅಲ್ಲಾಡಬೇಕು. ಅದು ಬಿಗಿಯಾಗಿದ್ದರೆ ಎಫ್‌ಡಿಪಿ ಕೆಲಸ ಮಾಡುತ್ತಿದೆ ಎಂದರ್ಥ, ಪರೀಕ್ಷೆ ಲೆಕ್ಕಕ್ಕಿಲ್ಲ. ಈ ಒಂದು ಹೆಜ್ಜೆ ಬಿಡುವವರೇ ಹೆಚ್ಚು.

ತೋರುಬೆರಳಿಗೆ ಚಿವುಟುವ ಪರೀಕ್ಷೆ. ಒಂದು ಕಾಗದವನ್ನು ಹೆಬ್ಬೆರಳು ಮತ್ತು ತೋರುಬೆರಳಿನ ಮೆತ್ತೆ ಭಾಗಗಳ ನಡುವೆ ಗಟ್ಟಿಯಾಗಿ ಹಿಡಿಯಲು ಹೇಳಿ, ನೀವು ಎಳೆಯಿರಿ. ತುದಿಗೆಣ್ಣು ನೇರವಾಗಿ, ಇನ್ನೂ ಚೆನ್ನಾಗಿದ್ದರೆ ಹಿಂದಕ್ಕೆ ಮಣಿದು, ನಡುಗೆಣ್ಣು ಬಾಗಿ ಹಿಡಿತ ನಿಂತರೆ ಎಫ್‌ಡಿಎಸ್ ಸರಿಯಿದೆ. ಎಫ್‌ಡಿಎಸ್ ತುಂಡಾಗಿದ್ದರೆ ಎಫ್‌ಡಿಪಿಯೇ ಎಲ್ಲ ಭಾರ ಹೊರಬೇಕಾಗಿ ತುದಿಗೆಣ್ಣು ಚೂಪಾಗಿ ಬಾಗುತ್ತದೆ, ನಡುಗೆಣ್ಣು ನೇರವಾಗಿಬಿಡುತ್ತದೆ. ಎರಡೂ ಕೈ ಪಕ್ಕಪಕ್ಕ ಇಟ್ಟು ನೋಡಿದರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ.

ಕಿರುಬೆರಳಿಗೆ ಎರಡು ಹಂತ. ಮೊದಲು ಮೂರೂ ಬೆರಳು ಹಿಡಿದು ನೋಡಿ. ಬಾಗಲಿಲ್ಲವೇ? ಉಂಗುರಬೆರಳನ್ನು ಬಿಟ್ಟುಬಿಡಿ, ತೋರು ಮತ್ತು ನಡುಬೆರಳನ್ನಷ್ಟೇ ಹಿಡಿದು, ಉಂಗುರ ಮತ್ತು ಕಿರುಬೆರಳನ್ನು ಒಟ್ಟಿಗೆ ಮಡಚಲು ಹೇಳಿ. ಈಗ ಕಿರುಬೆರಳಿನ ನಡುಗೆಣ್ಣು ಬಾಗಿ, ತುದಿ ಸಡಿಲವಾಗಿದ್ದರೆ ಎಫ್‌ಡಿಎಸ್ ಇದೆ, ಉಂಗುರಬೆರಳಿಗೆ ಬೆಸೆದುಕೊಂಡಿದೆ ಅಷ್ಟೇ. ಈಗಲೂ ಬಾಗದಿದ್ದರೆ ಇನ್ನೊಂದು ಕೈ ನೋಡಿ. ಅಲ್ಲೂ ಬಾಗದಿದ್ದರೆ ಹುಟ್ಟಿನಿಂದಲೇ ಹಾಗಿರುವ ಸಾಧ್ಯತೆ ಹೆಚ್ಚು. ಆದರೆ ಒಂದೇ ಕೈಯಲ್ಲಿ ಇಲ್ಲದಿರುವುದೂ ಉಂಟು, ಆದ್ದರಿಂದ ಗಾಯವಿದ್ದರೆ ಬಿಚ್ಚಿ ನೋಡುವುದೇ ಕೊನೆಯ ಮಾತು.

ಇನ್ನೆರಡು ಎಚ್ಚರಿಕೆ. ಅರ್ಧಂಬರ್ಧ ಕೊಯ್ದ ಟೆಂಡನ್ ಪರೀಕ್ಷೆಯಲ್ಲಿ ಪಾಸಾಗುತ್ತದೆ. ಪ್ರತಿರೋಧ ಒಡ್ಡಿದಾಗ ನೋವು ಬಂದರೆ, ಬಲ ಕಡಿಮೆ ಅನ್ನಿಸಿದರೆ ಅನುಮಾನಿಸಿ. ಮತ್ತೆ, ಮರಗಟ್ಟಿಸುವ ಇಂಜೆಕ್ಷನ್ ಕೊಡುವ ಮೊದಲೇ ಬೆರಳಿನ ಎರಡೂ ಬದಿಯ ಸ್ಪರ್ಶ ಪರೀಕ್ಷಿಸಿ ಬರೆದಿಡಿ. ಬೆರಳಿನ ನರಗಳು ಟೆಂಡನ್‌ನ ಪಕ್ಕದಲ್ಲೇ ಹೋಗುತ್ತವೆ, ಒಂದನ್ನು ಕೊಯ್ದ ಗಾಜು ಇನ್ನೊಂದನ್ನು ಬಿಟ್ಟಿರುತ್ತದೆ ಎಂಬ ಖಾತ್ರಿ ಇಲ್ಲ.

ಆರ್ಥೋ_ಪಿಜಿ

ತುಂಬ ಸ್ಪಷ್ಟವಾಯಿತು ಸರ್. ಒಂದು ಉಪಪ್ರಶ್ನೆ: ಗಾಯ ಬಿಚ್ಚಿದಾಗ ಚರ್ಮದ ಗಾಯದ ಕೆಳಗೆ ಟೆಂಡನ್ ಹೊಳೆಯುತ್ತ ಸರಿಯಾಗಿಯೇ ಕಾಣುತ್ತದೆ, ಪರೀಕ್ಷೆ ಮಾತ್ರ ತುಂಡಾಗಿದೆ ಅನ್ನುತ್ತದೆ. ಇದು ಹೇಗೆ?

ಕೈ_ಗಾಯ

ಗಾಯವಾದಾಗ ಬೆರಳು ಹೇಗಿತ್ತು ಎಂದು ಕೇಳಿ. ಮುಷ್ಟಿ ಕಟ್ಟಿ ಏನನ್ನೋ ಹಿಡಿದಿದ್ದಾಗ ಕೊಯ್ದಿದ್ದರೆ ಆ ಹೊತ್ತಿಗೆ ಟೆಂಡನ್ ಮೊಣಕೈ ಕಡೆಗೆ ಸರಿದಿರುತ್ತದೆ. ಆಮೇಲೆ ಬೆರಳು ಚಾಚಿದಾಗ ಟೆಂಡನ್‌ನ ಗಾಯ ಚರ್ಮದ ಗಾಯಕ್ಕಿಂತ ಬೆರಳತುದಿಯ ಕಡೆಗೆ ಹೋಗಿಬಿಡುತ್ತದೆ. ಚರ್ಮದ ಗಾಯದಲ್ಲಿ ಇಣುಕಿ ನೋಡಿದರೆ ಕಾಣುವುದು ಅಖಂಡ ಭಾಗ. ಬೆರಳನ್ನು ಪೂರ್ತಿ ಮಡಚಿ, ಪೂರ್ತಿ ಚಾಚಿ, ಎರಡೂ ಸ್ಥಿತಿಯಲ್ಲಿ ನೋಡಬೇಕು. ಬೆರಳು ಚಾಚಿದ್ದಾಗಲೇ ಕೊಯ್ದಿದ್ದರೆ ಎರಡೂ ಗಾಯ ಒಂದೇ ಮಟ್ಟದಲ್ಲಿ ಸಿಗುತ್ತವೆ.

ವೈವಾ_ತಯಾರಿ

ಎಫ್‌ಡಿಎಸ್‌ನ ಮೂಲ ಮತ್ತು ಪದರಗಳ ಬಗ್ಗೆ ಸ್ವಲ್ಪ ಹೇಳಿ ದಯವಿಟ್ಟು. ಎರಡು ತಲೆ (ಸ್ನಾಯು ಹುಟ್ಟುವ ಭಾಗ) ಎಂದು ಒಂದು ಕಡೆ, ಮೂರು ಕಡೆಯಿಂದ ಹುಟ್ಟು ಎಂದು ಇನ್ನೊಂದು ಕಡೆ ಓದಿದ್ದೇನೆ. ಆ ತಲೆಗಳ ನಡುವಿನ ಕಮಾನಿನ ಕೆಳಗೆ ಅಲ್ನರ್ ನರ ಹೋಗುತ್ತದೆಯೇ?

ಡಿಸೆಕ್ಷನ್_ಟೇಬಲ್

ಅಲ್ನರ್ ನರ ಹೋಗುವುದಿಲ್ಲ. ಹೋಗುವುದು ಮೀಡಿಯನ್ ನರ ಮತ್ತು ಅಲ್ನರ್ ಅಪಧಮನಿ. ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಎಡವುವ ಜಾಗ ಇದೇ, ಏಕೆಂದರೆ ಒಂದೇ ಹೆಸರಿನ ನರ ಮತ್ತು ಅಪಧಮನಿ ಜೊತೆಯಲ್ಲೇ ಇರಬೇಕು ಎಂಬ ಭಾವನೆ. ಅಲ್ನರ್ ನರ ಮುಂದೋಳಿಗೆ ಇಳಿಯುವುದು ಫ್ಲೆಕ್ಸರ್ ಕಾರ್ಪೈ ಅಲ್ನಾರಿಸ್‌ನ ಎರಡು ತಲೆಗಳ ನಡುವಿನಿಂದ. ಅಪಧಮನಿ ಕಮಾನಿನಡಿ ಓರೆಯಾಗಿ ಹಾದು ಮುಂದೋಳಿನ ಮಧ್ಯದ ಹೊತ್ತಿಗೆ ಆ ನರದ ಪಕ್ಕ ಬಂದು ಸೇರುತ್ತದೆ.

ಮೂಲ ಹೀಗೆ: ಹ್ಯೂಮರೋಅಲ್ನರ್ ತಲೆ ತೋಳಿನ ಮೂಳೆಯಾದ ಹ್ಯೂಮರಸ್‌ನ ಒಳ ಎಪಿಕಾಂಡೈಲ್ ಎಂಬ ಉಬ್ಬಿನಿಂದ, ಮೊಣಕೈಯ ಒಳಬದಿ ಲಿಗಮೆಂಟ್‌ನಿಂದ, ಅಲ್ನಾದ ಕೊರೊನಾಯ್ಡ್ ಚಾಚುವಿನ ಒಳಬದಿಯಿಂದ ಹುಟ್ಟುತ್ತದೆ. ರೇಡಿಯಲ್ ತಲೆ ಮುಂದೋಳಿನ ಇನ್ನೊಂದು ಮೂಳೆಯಾದ ರೇಡಿಯಸ್‌ನ ಮುಂಭಾಗದ ಓರೆ ಗೆರೆಯಿಂದ ಹುಟ್ಟುವ ತೆಳು ಹಾಳೆ. ಹೆಸರಿಗೆ ಎರಡು ತಲೆ, ಅಂಟುವುದು ಮೂರು ಮೂಳೆಗೆ. ನೀವು ಓದಿದ ಎರಡೂ ಮಾತು ಸರಿ. ತಲೆಗಳ ನಡುವೆ ನಾರಿನ ಕಮಾನು. ರೇಡಿಯಲ್ ಅಪಧಮನಿ ರೇಡಿಯಲ್ ತಲೆಯ ಮೇಲಿನಿಂದ, ಅಂದರೆ ಮುಂದಿನಿಂದ ಹೋಗುತ್ತದೆ.

ಮುಂದೋಳಿನ ಮುಂಭಾಗದಲ್ಲಿ ಎಫ್‌ಡಿಎಸ್ ನಡುವಿನ ಪದರ. ಮೇಲೆ ಪ್ರೊನೇಟರ್ ಟೆರೀಸ್, ಫ್ಲೆಕ್ಸರ್ ಕಾರ್ಪೈ ರೇಡಿಯಾಲಿಸ್ (ಎಫ್‌ಸಿಆರ್), ಪಾಲ್ಮಾರಿಸ್ ಲಾಂಗಸ್, ಫ್ಲೆಕ್ಸರ್ ಕಾರ್ಪೈ ಅಲ್ನಾರಿಸ್. ಡಿಸೆಕ್ಷನ್‌ನಲ್ಲಿ ಪಾಲ್ಮಾರಿಸ್ ಲಾಂಗಸ್ ಮತ್ತು ಎಫ್‌ಸಿಆರ್‌ಗಳನ್ನು ಮಧ್ಯದಲ್ಲಿ ಕತ್ತರಿಸಿ ಮೇಲಕ್ಕೂ ಕೆಳಕ್ಕೂ ಮಗುಚಿದರೆ ಎಫ್‌ಡಿಎಸ್ ಅಗಲವಾಗಿ ಕಾಣುತ್ತದೆ. ರೇಡಿಯಲ್ ತಲೆಯನ್ನು ರೇಡಿಯಸ್‌ನ ಅಂಚಿನಲ್ಲಿ ಬಿಡಿಸಿ ಒಳಬದಿಗೆ ಮಗುಚಿ. ಆಗ ಮೀಡಿಯನ್ ನರ ಎಫ್‌ಡಿಎಸ್‌ನ ಹಿಂಬದಿಗೆ ಸಡಿಲ ಪೊರೆಯಿಂದ ಅಂಟಿಕೊಂಡು ಸ್ನಾಯುವಿನ ಜೊತೆಗೇ ಮೇಲೆದ್ದು ಬರುತ್ತದೆ. ಅವಸರದಲ್ಲಿ ಎಳೆದರೆ ಸ್ನಾಯುವಿಗೆ ಹೋಗುವ ನರದ ಕವಲುಗಳು ಹರಿಯುವುದು ಇಲ್ಲೇ.

ಈಗ ಪಠ್ಯಗಳು ಒಂದು ಸಾಲಿನಲ್ಲಿ ಮುಗಿಸುವ, ನನಗೆ ಈ ಸ್ನಾಯುವಿನಲ್ಲೇ ಅತಿ ಸೊಗಸೆನಿಸುವ ಭಾಗ. ಎಫ್‌ಡಿಎಸ್ ಒಂದೇ ಹಾಳೆಯಲ್ಲ, ಅದರೊಳಗೇ ಎರಡು ಸ್ತರ. ಮೇಲಿನ ಸ್ತರಕ್ಕೆ ರೇಡಿಯಲ್ ತಲೆ ಬಂದು ಸೇರುತ್ತದೆ, ಅದರಿಂದ ನಡು ಮತ್ತು ಉಂಗುರಬೆರಳಿನ ಟೆಂಡನ್‌ಗಳು. ಕೆಳಗಿನ ಸ್ತರ ಉಂಗುರಬೆರಳಿನ ಭಾಗಕ್ಕೆ ಒಂದು ತುಣುಕು ಮಾಂಸ ಕೊಟ್ಟು, ತಾನು ಎರಡಾಗಿ ತೋರುಬೆರಳು ಮತ್ತು ಕಿರುಬೆರಳಿಗೆ ಹೋಗುತ್ತದೆ. ಈ ಕೆಳಸ್ತರದಲ್ಲಿ ಮೇಲೊಂದು ಮಾಂಸಭಾಗ, ನಡುವೆ ಟೆಂಡನ್, ಮತ್ತೆ ಕೆಳಗೆ ತೋರುಬೆರಳಿಗೂ ಕಿರುಬೆರಳಿಗೂ ಬೇರೆಬೇರೆ ಮಾಂಸಭಾಗ ಇರುತ್ತದೆ. ತೋರುಬೆರಳಿನ ಮಾಂಸಭಾಗ ಮಣಿಕಟ್ಟಿನ ಹತ್ತಿರದವರೆಗೂ ಇಳಿದಿರುವುದು ಇದೇ ಕಾರಣಕ್ಕೆ.

ಈ ಸ್ತರಗಳೇ ಮಣಿಕಟ್ಟಿನಲ್ಲೂ ಮುಂದುವರಿಯುತ್ತವೆ. ಮಣಿಕಟ್ಟಿನ ಅಡ್ಡಪಟ್ಟಿಯಾದ ಫ್ಲೆಕ್ಸರ್ ರೆಟಿನ್ಯಾಕ್ಯುಲಮ್‌ನ ಕೆಳಗೆ ನಡು, ಉಂಗುರದ ಟೆಂಡನ್‌ಗಳು ಮೇಲಿನ ಸಾಲು, ತೋರು, ಕಿರುಬೆರಳಿನವು ಕೆಳಗಿನ ಸಾಲು. ಅವುಗಳ ಅಡಿಯಲ್ಲಿ ಎಫ್‌ಡಿಪಿಯ ನಾಲ್ಕೂ ಒಂದೇ ಸಾಲಿನಲ್ಲಿ ಪಕ್ಕಪಕ್ಕ. ಹೆಬ್ಬೆರಳಿನ ಉದ್ದ ಟೆಂಡನ್ ಸೇರಿ ಆ ಪಟ್ಟಿಯಡಿಯ ಸುರಂಗದಲ್ಲಿ, ಅಂದರೆ ಕಾರ್ಪಲ್ ಟನಲ್‌ನಲ್ಲಿ, ಒಟ್ಟು 9 ಟೆಂಡನ್, ಜೊತೆಗೆ ಮೀಡಿಯನ್ ನರ.

ನರಮಾರ್ಗ

ಮೇಲಿನದಕ್ಕೆ ನರದ ಕಡೆಯಿಂದ ಸೇರಿಸುತ್ತೇನೆ. ಎಫ್‌ಡಿಎಸ್‌ಗೆ ಕವಲು ಬರುವುದು ಮೀಡಿಯನ್ ನರದ ಮುಖ್ಯ ಕಾಂಡದಿಂದಲೇ. ಎಫ್‌ಡಿಪಿಯ ತೋರು, ನಡುಬೆರಳಿನ ಭಾಗಕ್ಕೆ ಮೀಡಿಯನ್‌ನ ಕವಲಾದ ಆಂಟೀರಿಯರ್ ಇಂಟರಾಸಿಯಸ್ ನರ, ಉಂಗುರ ಮತ್ತು ಕಿರುಬೆರಳಿನ ಭಾಗಕ್ಕೆ ಅಲ್ನರ್ ನರ.

ರೋಗಿ ಹೆಬ್ಬೆರಳು ತೋರುಬೆರಳು ಸೇರಿಸಿ ದುಂಡನೆಯ ಉಂಗುರ ಮಾಡಲಾರದೆ, ಎರಡೂ ತುದಿಗೆಣ್ಣು ನೇರವಾಗಿ ಚಪ್ಪಟೆ ಚಿವುಟು ಮಾಡಿದರೆ ಆಂಟೀರಿಯರ್ ಇಂಟರಾಸಿಯಸ್ ನರ ಕೈಕೊಟ್ಟಿದೆ. ಆಗ ತೋರುಬೆರಳಿನ ನಡುಗೆಣ್ಣನ್ನು ಪರೀಕ್ಷಿಸಿ. ಅದು ಬಲವಾಗಿ ಬಾಗಿದರೆ ಎಫ್‌ಡಿಎಸ್ ಉಳಿದಿದೆ, ತೊಂದರೆ ಆ ಕವಲಿನಲ್ಲಷ್ಟೇ. ಅದೂ ಬಾಗದೆ, ಅಂಗೈಯಲ್ಲಿ ಸ್ಪರ್ಶವೂ ಕಡಿಮೆಯಿದ್ದರೆ ತೊಂದರೆ ಮೇಲೆ, ಮುಖ್ಯ ಕಾಂಡದಲ್ಲಿ. ಈ ಕವಲು ಚರ್ಮದ ಸ್ಪರ್ಶ ಒಯ್ಯುವುದಿಲ್ಲ, ಆದ್ದರಿಂದ ಕವಲೊಂದೇ ಕೆಟ್ಟಾಗ ಮರಗಟ್ಟುವಿಕೆ ಇರಬಾರದು.

ಎಫ್‌ಡಿಎಸ್ ಕಮಾನಿನಲ್ಲಿ ಮೀಡಿಯನ್ ನರ ಅಮುಕಿಕೊಳ್ಳುವುದೂ ಇದೆ. ನಡುಬೆರಳಿನ ನಡುಗೆಣ್ಣನ್ನು ಪ್ರತಿರೋಧದ ವಿರುದ್ಧ ಬಾಗಿಸಿದಾಗ ಮುಂದೋಳಿನ ಮೇಲ್ಭಾಗದಲ್ಲಿ ನೋವು, ಬೆರಳಲ್ಲಿ ಜುಮ್ಮೆನ್ನುವುದು ಅದರ ಸುಳಿವು. ಕಾರ್ಪಲ್ ಟನಲ್‌ನಿಂದ ಬೇರ್ಪಡಿಸಲು ಹೆಬ್ಬೆರಳ ಬುಡದ ಅಂಗೈ ಉಬ್ಬಿನ ಚರ್ಮ ಮುಟ್ಟಿ ನೋಡಿ. ಅಲ್ಲಿಗೆ ಹೋಗುವ ಕವಲು ಟನಲ್‌ನ ಹೊರಗಿನಿಂದ ಹೋಗುತ್ತದೆ, ಟನಲ್ ತೊಂದರೆಯಲ್ಲಿ ಅಲ್ಲಿ ಸ್ಪರ್ಶ ಕೆಡುವುದಿಲ್ಲ.

ಮಣಿಕಟ್ಟಿನ ಅಡ್ಡ ಗಾಯದ ಬಗ್ಗೆಯೂ ಹೇಳಲೇಬೇಕು. ರೆಟಿನ್ಯಾಕ್ಯುಲಮ್‌ಗಿಂತ ಸುಮಾರು 5 ಸೆಂ.ಮೀ. ಮೇಲೆ ಮೀಡಿಯನ್ ನರ ಎಫ್‌ಡಿಎಸ್‌ನ ಮರೆಯಿಂದ ಅದರ ಹೊರಬದಿಗೆ ಬಂದು, ಪಾಲ್ಮಾರಿಸ್ ಲಾಂಗಸ್‌ನ ಕೆಳಗೇ ಮೇಲ್ಮೈಗೆ ಹತ್ತಿರವಾಗುತ್ತದೆ. ಆಳವಿಲ್ಲದ ಗಾಯದಲ್ಲೂ ನರ ಸಿಗುವುದು ಇದಕ್ಕೇ. ರಕ್ತ ತುಂಬಿದ ಗಾಯದಲ್ಲಿ ನರದ ತುದಿಯನ್ನು ಟೆಂಡನ್‌ಗೆ ಹೊಲಿಯುವ ಅನಾಹುತ ಆಗುವುದುಂಟು. ನರ ಮಾಸಲು ಹಳದಿ, ಮೇಲ್ಮೈಯಲ್ಲಿ ಉದ್ದಕ್ಕೂ ಸಣ್ಣ ರಕ್ತನಾಳ, ಕೊಯ್ದ ತುದಿಯಲ್ಲಿ ಎಳೆಗೊಂಚಲುಗಳು ಉಬ್ಬಿ ಹೊರಬಂದಿರುತ್ತವೆ. ಟೆಂಡನ್ ಬಿಳಿ, ಹೊಳಪು, ಗಟ್ಟಿ. ಕೆಳತುದಿಯನ್ನು ಮೆಲ್ಲಗೆ ಎಳೆದರೆ ಟೆಂಡನ್ ತನ್ನ ಗುರುತು ತಾನೇ ಹೇಳುತ್ತದೆ: ನಡುಗೆಣ್ಣು ಮಾತ್ರ ಬಾಗಿದರೆ ಎಫ್‌ಡಿಎಸ್, ತುದಿಯೂ ಬಾಗಿದರೆ ಎಫ್‌ಡಿಪಿ.

ವೈವಾ_ತಯಾರಿ

ಬೆರಳಿನೊಳಗೆ ಎಫ್‌ಡಿಎಸ್ ಸೀಳಿ ಎಫ್‌ಡಿಪಿ ಅದರ ನಡುವೆ ಹೊರಬರುವ ಜಾಗ ಚಿತ್ರದಲ್ಲಿ ಅರ್ಥವಾಗುವುದೇ ಇಲ್ಲ. ಮೇಲಿದ್ದ ಎಫ್‌ಡಿಎಸ್ ಕೊನೆಗೆ ಕೆಳಗೆ ಹೇಗೆ ಹೋಗುತ್ತದೆ?

ಡಿಸೆಕ್ಷನ್_ಟೇಬಲ್

ಹಂತಹಂತವಾಗಿ ನೋಡಿ. ಅಂಗೈಯಲ್ಲಿ ಎಫ್‌ಡಿಎಸ್ ಚರ್ಮದ ಕಡೆ, ಎಫ್‌ಡಿಪಿ ಮೂಳೆಯ ಕಡೆ. ಬೆರಳಿನ ಬುಡಮೂಳೆಯ ಮಟ್ಟಕ್ಕೆ ಬಂದಾಗ ಎಫ್‌ಡಿಎಸ್ ಚಪ್ಪಟೆಯಾಗಿ ಎರಡು ಸೀಳಾಗುತ್ತದೆ. ಒಂದೊಂದು ಸೀಳೂ ಎಫ್‌ಡಿಪಿಯ ಒಂದೊಂದು ಬದಿಯನ್ನು ಬಳಸಿಕೊಂಡು, ತಿರುಚಿಕೊಳ್ಳುತ್ತ, ಅದರ ಹಿಂದಕ್ಕೆ ಇಳಿಯುತ್ತದೆ. ಮೊದಲು ಚರ್ಮದ ಕಡೆ ಮುಖಮಾಡಿದ್ದ ಮೇಲ್ಮೈ ತಿರುಚಿದ ಮೇಲೆ ಮೂಳೆಯ ಕಡೆ ತಿರುಗಿರುತ್ತದೆ. ಎಫ್‌ಡಿಪಿಯ ಹಿಂದೆ ಎರಡೂ ಸೀಳು ಭೇಟಿಯಾಗುತ್ತವೆ. ಅಲ್ಲಿ ಕೆಲವು ಎಳೆಗಳು ಅಡ್ಡ ದಾಟಿ ಎದುರು ಬದಿಗೆ, ಉಳಿದವು ತಮ್ಮ ಬದಿಯಲ್ಲೇ ಮುಂದುವರಿದು ನಡುಮೂಳೆಯ ಎರಡೂ ಪಕ್ಕಕ್ಕೆ ಅಂಟುತ್ತವೆ. ಆ ಅಡ್ಡದಾಟೇ ಕ್ಯಾಂಪರ್ ಕಯಾಸ್ಮಾ. ಎಫ್‌ಡಿಪಿ ತಿರುಚದೆ ನೇರ ಹೊರಬಂದು ತುದಿಮೂಳೆಗೆ ಹೋಗುತ್ತದೆ.

ವಿಂಕ್ಯುಲಾಗಳನ್ನು ಮರೆಯಬೇಡಿ. ಮೂಳೆಯ ಕಡೆಯಿಂದ ಟೆಂಡನ್‌ಗೆ ರಕ್ತ ಒಯ್ಯುವ ತೆಳು ಪೊರೆಗಳು ಇವು, ಪ್ರತಿ ಟೆಂಡನ್‌ಗೂ ಒಂದು ಗಿಡ್ಡ, ಒಂದು ಉದ್ದ. ಎಫ್‌ಡಿಪಿಯ ಉದ್ದ ವಿಂಕ್ಯುಲಮ್ ನಡುಗೆಣ್ಣಿನ ಬಳಿ ಎಫ್‌ಡಿಎಸ್‌ನ ದಾರಿಯಲ್ಲೇ ಬರುತ್ತದೆ. ಎಫ್‌ಡಿಎಸ್ ಅನ್ನು ಬುಡಸಮೇತ ಕಿತ್ತರೆ ಎಫ್‌ಡಿಪಿಯ ರಕ್ತವೂ ಕಡಿಮೆಯಾಗುತ್ತದೆ.

ಕೈ_ಗಾಯ

ವಿಂಕ್ಯುಲಾ ಮಾತು ಬಂದದ್ದು ಒಳ್ಳೆಯದಾಯಿತು. ತುಂಡಾದ ಟೆಂಡನ್ ಅಂಗೈಗೆ ಜಾರದಂತೆ ಇವು ಹಿಡಿದಿಟ್ಟರೆ ನಮಗೆ ಅನುಕೂಲ. ಆದರೆ ಹಿಡಿದಿಟ್ಟ ತುದಿ ಎಳೆದಾಗ ನಡುಗೆಣ್ಣು ತುಸು ಬಾಗಿ ದಾರಿ ತಪ್ಪಿಸುವುದೂ ಇದೆ. ಬಲವಿಲ್ಲದ, ಅರೆಬರೆ ಬಾಗುವಿಕೆ ಕಂಡರೆ ಸರಿಯಿದೆ ಎಂದು ಮನೆಗೆ ಕಳಿಸಬೇಡಿ.

ಅಂಗೈಗೆ ಜಾರಿದ ಎಫ್‌ಡಿಪಿಯನ್ನು ಮತ್ತೆ ಬೆರಳಿಗೆ ತರುವಾಗ ಎಫ್‌ಡಿಎಸ್‌ನ ಸೀಳಿನ ನಡುವಿನಿಂದಲೇ ತರಬೇಕು. ಪಕ್ಕದಿಂದ ಹಾಯಿಸಿ ಹೊಲಿದರೆ ಮೇಜಿನ ಮೇಲೆ ಸರಿಯಾಗಿ ಕಾಣುತ್ತದೆ, ಆಮೇಲೆ ಪ್ರತಿ ಮಡಿಕೆಯಲ್ಲೂ ಎರಡು ಟೆಂಡನ್ ಉಜ್ಜಿಕೊಂಡು ಸಿಕ್ಕಿಹಾಕಿಕೊಳ್ಳುತ್ತವೆ. ಸೀಳುಗಳನ್ನು ಹೊಲಿಯುವಾಗ ತಿರುಚಿನ ದಿಕ್ಕೂ ಸರಿಯಾಗಿರಬೇಕು.

ಬಂಡೆ_ಹತ್ತು

ಶಸ್ತ್ರಚಿಕಿತ್ಸೆಯ ಹೊರಗಿನ ಪ್ರಶ್ನೆ. ಬಂಡೆ ಹತ್ತುವವರು ಸಣ್ಣ ಅಂಚನ್ನು ಕ್ರಿಂಪ್ ಹಿಡಿತದಲ್ಲಿ, ನಡುಗೆಣ್ಣು ಚೂಪಾಗಿ ಮಡಚಿ, ತುದಿಗೆಣ್ಣು ಹಿಂದಕ್ಕೆ ಬಾಗಿಸಿ ಹಿಡಿಯುತ್ತಾರೆ. ಟಪ್ಪೆಂದು ಶಬ್ದವಾಗಿ ಉಂಗುರಬೆರಳಿನ ಬುಡದಲ್ಲಿ ನೋವು ಬಂದರೆ ಎಫ್‌ಡಿಎಸ್ ಹರಿದಿದೆ ಎಂದೇ?

ಕೈ_ಥೆರಪಿ

ಹೆಚ್ಚಿನ ಸಲ ಹರಿಯುವುದು ಟೆಂಡನ್ ಅಲ್ಲ, ಅದನ್ನು ಮೂಳೆಗೆ ಒತ್ತಿಹಿಡಿಯುವ ಪುಲ್ಲಿ. ಬೆರಳಿನಲ್ಲಿ ಐದು ಅಡ್ಡ ಪುಲ್ಲಿಗಳಿವೆ, ಎ1ರಿಂದ ಎ5. ಬೆಸಸಂಖ್ಯೆಯ ಎ1, ಎ3, ಎ5 ಕೀಲುಗಳ ಮೇಲೆ, ಎ2 ಬುಡಮೂಳೆಯ ಮೇಲೆ, ಎ4 ನಡುಮೂಳೆಯ ಮೇಲೆ. ಬಲ ಹೊರುವುದು ಎ2 ಮತ್ತು ಎ4. ನಡುಗೆಣ್ಣು ಚೂಪಾಗಿ ಬಾಗಿದಷ್ಟೂ ಟೆಂಡನ್ ಮೂಳೆಯಿಂದ ದೂರ ಸರಿಯಲು ಎಳೆಯುತ್ತದೆ, ಅದನ್ನು ತಡೆಯುವ ಭಾರ ಈ ಎರಡರ ಮೇಲೆ. ಕ್ರಿಂಪ್‌ನಲ್ಲಿ ಉಂಗುರಬೆರಳಿನ ಎ2 ಮೊದಲು ಬಲಿಯಾಗುವುದು ಹೀಗೆ.

ಬೇರ್ಪಡಿಸುವ ಕ್ರಮ: ನಡುಗೆಣ್ಣು, ತುದಿಗೆಣ್ಣು ಎರಡೂ ಸ್ವತಂತ್ರವಾಗಿ ಬಾಗಿದರೆ ಟೆಂಡನ್‌ಗಳು ಸರಿಯಿವೆ. ಬುಡಮೂಳೆಯ ಮೇಲೆ ಒತ್ತಿದಾಗ ನೋವು, ಪ್ರತಿರೋಧದ ವಿರುದ್ಧ ಮಡಚಿದಾಗ ಟೆಂಡನ್ ಚರ್ಮದಡಿ ಬಿಲ್ಲಿನ ಹೆದೆಯಂತೆ ಎದ್ದು ನಿಲ್ಲುವುದು ಪುಲ್ಲಿಯ ಸುಳಿವು. ಅಲ್ಟ್ರಾಸೌಂಡ್‌ನಲ್ಲಿ ಬಲವಾಗಿ ಮಡಚಿದ ಸ್ಥಿತಿಯಲ್ಲಿ ಟೆಂಡನ್ ಮತ್ತು ಮೂಳೆಯ ನಡುವಿನ ಅಂತರ 2 ಮಿ.ಮೀ.ಗಿಂತ ಹೆಚ್ಚಿದ್ದರೆ ಪುಲ್ಲಿ ಹರಿದಿರುವ ಸಾಧ್ಯತೆ ಬಲವಾಗುತ್ತದೆ. ಒಂದೇ ಪುಲ್ಲಿಯಾದರೆ ಗಟ್ಟಿ ಉಂಗುರದ ಪಟ್ಟಿ ಮತ್ತು ವಿಶ್ರಾಂತಿಯಲ್ಲಿ ಸಾಮಾನ್ಯವಾಗಿ ಕೂಡುತ್ತದೆ. ಎರಡು ಮೂರು ಒಟ್ಟಿಗೆ ಹರಿದರೆ ಕೈ ಶಸ್ತ್ರಚಿಕಿತ್ಸಕರ ಬಳಿ ಹೋಗಲೇಬೇಕು.

ತುದಿಗೆಣ್ಣು ಬಾಗುವುದೇ ನಿಂತಿದ್ದರೆ ಅದು ಬೇರೆ ಕಥೆ, ಎಫ್‌ಡಿಪಿ ತುದಿಮೂಳೆಯಿಂದ ಕಿತ್ತಿರಬಹುದು. ಅದಕ್ಕೆ ಕಾಯುವ ಸಮಯ ಇಲ್ಲ. ಅಂಗೈವರೆಗೆ ಜಾರಿದ ಟೆಂಡನ್‌ಗೆ 7ರಿಂದ 10 ದಿನದೊಳಗೆ ಶಸ್ತ್ರಚಿಕಿತ್ಸೆ ಆಗದಿದ್ದರೆ ಅದು ಕುಗ್ಗಿ ಮತ್ತೆ ಮುಂದಕ್ಕೆ ಬರುವುದಿಲ್ಲ.

ಆರ್ಥೋ_ಪಿಜಿ

ಮತ್ತೆ ಗಾಯದ ವಿಷಯಕ್ಕೆ. ಎರಡನೇ ವಲಯದಲ್ಲಿ ಎರಡೂ ಟೆಂಡನ್ ತುಂಡಾಗಿದ್ದರೆ ಎರಡನ್ನೂ ಹೊಲಿಯಬೇಕೇ, ಎಫ್‌ಡಿಪಿ ಮಾತ್ರ ಸಾಕೇ?

ಕೈ_ಗಾಯ

ಎರಡನೇ ವಲಯ ಎಂದರೆ ಎ1 ಪುಲ್ಲಿಯ ಶುರುವಿನಿಂದ ಎಫ್‌ಡಿಎಸ್ ಅಂಟುವ ಜಾಗದವರೆಗೆ. ಇಕ್ಕಟ್ಟಾದ ಒಂದೇ ಕೊಳವೆಯಲ್ಲಿ ಎರಡು ಟೆಂಡನ್. ಕೈ ಶಸ್ತ್ರಚಿಕಿತ್ಸಕ ಸ್ಟರ್ಲಿಂಗ್ ಬನ್ನೆಲ್ ಇದನ್ನು ನೋ ಮ್ಯಾನ್ಸ್ ಲ್ಯಾಂಡ್ ಎಂದು ಕರೆದು, ಇಲ್ಲಿ ತಕ್ಷಣ ಹೊಲಿಯದೆ ಆಮೇಲೆ ಕಸಿ ಮಾಡಿ ಎಂದಿದ್ದರು. 1967ರಲ್ಲಿ ಹೆರಾಲ್ಡ್ ಕ್ಲೈನರ್ಟ್ ಮತ್ತು ಸಂಗಡಿಗರು ಮೊದಲ ಹೊಲಿಗೆಯಲ್ಲೇ ಒಳ್ಳೆಯ ಫಲಿತಾಂಶ ತೋರಿಸಿದ ಮೇಲೆ ಆ ಪದ್ಧತಿ ಬದಲಾಯಿತು.

ನನ್ನ ಅಭಿಪ್ರಾಯ: ಜಾಗ ಇದ್ದರೆ ಎರಡನ್ನೂ ಹೊಲಿಯಿರಿ. ಹಿಡಿತಕ್ಕೆ ಬಲ, ಬೆರಳಿಗೆ ಸ್ವತಂತ್ರ ಚಲನೆ, ಎಫ್‌ಡಿಪಿಗೆ ರಕ್ತ, ಮೂರೂ ಸಿಗುತ್ತವೆ. ಎಫ್‌ಡಿಪಿಗೆ ಕನಿಷ್ಠ ನಾಲ್ಕು ಎಳೆಯ ಒಳಹೊಲಿಗೆ, 3-0 ಅಥವಾ 4-0 ದಪ್ಪದ ದಾರದಲ್ಲಿ, ತುದಿಯಿಂದ 7ರಿಂದ 10 ಮಿ.ಮೀ. ದೂರದಲ್ಲಿ ಹಿಡಿದು, ಮೇಲೆ ಸುತ್ತ 6-0 ಹೊಲಿಗೆ. ಎಫ್‌ಡಿಎಸ್ ಸೀಳುಗಳು ಚಪ್ಪಟೆ, ಅವಕ್ಕೆ ಅಷ್ಟು ಎಳೆ ಹಿಡಿಸುವುದಿಲ್ಲ. ಹೊಲಿದ ಜಾಗದಲ್ಲಿ 3 ಮಿ.ಮೀ.ಗಿಂತ ಹೆಚ್ಚು ಬಾಯ್ಬಿಟ್ಟರೆ ಬಲ ಬರುವುದು ತಡ, ಹರಿಯುವ ಭಯ ಹೆಚ್ಚು.

ಪುಲ್ಲಿ_ಪಕ್ಷ

ಎ2ರ ಕೆಳಗೇ ಗಾಯವಿದ್ದರೆ ನಾನು ಒಪ್ಪುವುದಿಲ್ಲ. ಹೊಲಿದ ಎಫ್‌ಡಿಪಿ ಊದಿಕೊಂಡಿರುತ್ತದೆ. ಅದರ ಪಕ್ಕ ಎರಡೂ ಸೀಳನ್ನು ಗಂಟುಗಳ ಸಮೇತ ತುರುಕಿದರೆ ಯಾವುದೂ ಜಾರುವುದಿಲ್ಲ. ಒಂದು ಸೀಳನ್ನು ಹೊಲಿದು ಇನ್ನೊಂದನ್ನು ತೆಗೆದರೆ ಕೊಳವೆ ಸಡಿಲವಾಗುತ್ತದೆ, ನಡುಗೆಣ್ಣಿಗೆ ಬೇಕಾದ ಆಸರೆಯೂ ಉಳಿಯುತ್ತದೆ. ಎ2ರ ಅರ್ಧದಿಂದ ಮೂರನೇ ಎರಡು ಭಾಗದವರೆಗೆ ಸೀಳಿ ದಾರಿ ಮಾಡಿಕೊಡಬಹುದು, ಉಳಿದ ಪುಲ್ಲಿಗಳು ಗಟ್ಟಿಯಿರಬೇಕು ಎಂಬುದೇ ಷರತ್ತು. ಹೊಲಿದಾದ ಮೇಲೆ ಮೇಜಿನ ಮೇಲೇ ಬೆರಳನ್ನು ಪೂರ್ತಿ ಮಡಚಿ ಚಾಚಿ ನೋಡಿ. ಅಡ್ರಿನಲಿನ್ ಬೆರೆಸಿದ ಲಿಡೊಕೇನ್ ಎಂಬ ಮರಗಟ್ಟಿಸುವ ಮದ್ದಿನಲ್ಲಿ, ರೋಗಿ ಎಚ್ಚರವಿದ್ದಾಗಲೇ ಮಾಡಿದರೆ ಅವರೇ ಮಡಚಿ ತೋರಿಸುತ್ತಾರೆ, ಸಿಕ್ಕಿಕೊಳ್ಳುವ ಜಾಗ ಅಲ್ಲೇ ಗೊತ್ತಾಗುತ್ತದೆ.

ಕೈ_ಗಾಯ

ಎ2ರ ನೇರ ಕೆಳಗಿನ ಗಾಯಕ್ಕೆ ನಿಮ್ಮ ಮಾತು ಒಪ್ಪಿದೆ. ಅದರಿಂದ ಹೊರಗಿದ್ದರೆ ಎರಡನ್ನೂ ಹೊಲಿಯುವುದು ಎಂಬ ಮಾತಿಗೇ ನಿಲ್ಲುತ್ತೇನೆ. ಅರೆಕೊಯ್ತದಲ್ಲಿ, ಅಗಲದ ಸುಮಾರು 60%ಕ್ಕಿಂತ ಕಡಿಮೆ ಹೋಗಿದ್ದರೆ ಒಳಹೊಲಿಗೆ ಬೇಕಿಲ್ಲ, ಪುಲ್ಲಿಗೆ ಸಿಕ್ಕಿಕೊಳ್ಳುವ ಚೂರನ್ನು ಸವರಿ ಬಿಟ್ಟರೆ ಸಾಕು.

ಕೈ_ಥೆರಪಿ

ಹೊಲಿಗೆ ಎಷ್ಟೇ ಚೆನ್ನಾಗಿದ್ದರೂ ಮುಂದಿನ 12 ವಾರ ಕೆಟ್ಟರೆ ಎಲ್ಲ ಕೆಟ್ಟಂತೆ. ಕೈಯ ಹಿಂಬದಿಗೆ ಸ್ಪ್ಲಿಂಟ್ (ಆಸರೆ ಪಟ್ಟಿ): ಮಣಿಕಟ್ಟು ಹೆಚ್ಚುಕಡಿಮೆ ನೇರ, ಬುಡಗೆಣ್ಣು 50°ರಿಂದ 70° ಬಾಗಿ, ನಡು ಮತ್ತು ತುದಿಗೆಣ್ಣು ಪೂರ್ತಿ ನೇರವಾಗುವಂತೆ. 3ರಿಂದ 5ನೇ ದಿನಕ್ಕೆ ಬಾವು ಇಳಿದ ಮೇಲೆ ಚಲನೆ ಶುರು. ಮೊದಲು ಇನ್ನೊಂದು ಕೈಯಿಂದ ಬೆರಳನ್ನು ಹಲವು ಸಲ ಪೂರ್ತಿ ಮಡಚಿ ಬಿಗಿ ಬಿಡಿಸಬೇಕು. ಬಿಗಿಯಿರುವ ಕೀಲನ್ನು ಸ್ವಂತ ಬಲದಿಂದ ಮಡಚಿದರೆ ಹೊಲಿಗೆಯ ಮೇಲೆ ಬೀಳುವ ಎಳೆತ ಹೆಚ್ಚು. ಆಮೇಲೆ ಸ್ವಂತ ಬಲದಲ್ಲಿ ಮೊದಲ ವಾರಗಳಲ್ಲಿ ಅರ್ಧ ಮುಷ್ಟಿ ಮಾತ್ರ.

ಎಫ್‌ಡಿಎಸ್ ಮತ್ತು ಎಫ್‌ಡಿಪಿ ಒಂದಕ್ಕೊಂದು ಅಂಟದಂತೆ ನೋಡಿಕೊಳ್ಳಲು ಮುಷ್ಟಿಯ ಬಗೆಗಳು ಮುಖ್ಯ. ಬುಡಗೆಣ್ಣು ನೇರ ಇಟ್ಟು ಉಳಿದೆರಡು ಗೆಣ್ಣು ಮಡಚುವ ಕೊಕ್ಕೆ ಮುಷ್ಟಿಯಲ್ಲಿ ಎರಡು ಟೆಂಡನ್ ಒಂದರ ಮೇಲೊಂದು ಜಾರುವುದು ಅತಿ ಹೆಚ್ಚು. ತುದಿಗೆಣ್ಣು ನೇರ ಇಟ್ಟು ಬುಡ ಮತ್ತು ನಡುಗೆಣ್ಣು ಮಡಚಿದರೆ ಎಫ್‌ಡಿಎಸ್ ಅತಿ ಹೆಚ್ಚು ಜಾರುತ್ತದೆ. ಪೂರ್ತಿ ಮುಷ್ಟಿಯಲ್ಲಿ ಎಫ್‌ಡಿಪಿ. ಮೂರನ್ನೂ ಮಾಡಿಸಬೇಕು, ಕ್ರಮ ಹೊಲಿಗೆಯ ಬಲ ನೋಡಿ.

6ನೇ ವಾರದ ಹೊತ್ತಿಗೆ ಸ್ಪ್ಲಿಂಟ್ ಬಿಡಿಸಿ ಹಗುರ ಬಳಕೆ, ಭಾರ ಎತ್ತುವುದು, ಬಲವಾದ ಹಿಡಿತ 12 ವಾರದ ನಂತರ. ಬೇರೆಯವರು ಮಡಚಿದರೆ ಪೂರ್ತಿ ಬಾಗಿ, ತಾನೇ ಮಡಚಿದರೆ ಅರ್ಧ ಬಾಗಿದರೆ ಅಂಟಿಕೊಂಡಿದೆ. ನಿನ್ನೆಯವರೆಗೆ ಬಾಗುತ್ತಿದ್ದದ್ದು ಇದ್ದಕ್ಕಿದ್ದಂತೆ ನಿಂತರೆ ಹರಿದಿದೆ, ಅದೇ ದಿನ ಶಸ್ತ್ರಚಿಕಿತ್ಸಕರಿಗೆ ತೋರಿಸಿ. ಎಲ್ಲರೂ ಮಡಚುವುದರ ಮೇಲೇ ಕಣ್ಣಿಟ್ಟು ಚಾಚುವುದನ್ನು ಮರೆಯುತ್ತಾರೆ, ನಡುಗೆಣ್ಣು ಬಾಗಿದಂತೆಯೇ ಬಿಗಿದು ಕೂರುತ್ತದೆ. ಬುಡಗೆಣ್ಣು ಮಡಚಿ ಹಿಡಿದು ನಡುಗೆಣ್ಣನ್ನು ನೇರ ಮಾಡುವ ವ್ಯಾಯಾಮ ಮೊದಲ ವಾರದಿಂದಲೇ ಇರಲಿ.

ಆರ್ಥೋ_ಪಿಜಿ

ಕೊನೆಯ ಪ್ರಶ್ನೆ. ಹೆಬ್ಬೆರಳನ್ನು ಎದುರಿಗೆ ತರುವ ಶಕ್ತಿ ಹೋದವರಿಗೆ ಉಂಗುರಬೆರಳಿನ ಎಫ್‌ಡಿಎಸ್ ತೆಗೆದು ಹೆಬ್ಬೆರಳಿಗೆ ಜೋಡಿಸುತ್ತಾರಲ್ಲ, ಯಾರಲ್ಲಿ ತೆಗೆಯಬಾರದು?

ನರಮಾರ್ಗ

ಮೊಣಕೈ ಮಟ್ಟದಲ್ಲಿ ಅಥವಾ ಅದಕ್ಕಿಂತ ಮೇಲೆ ಅಲ್ನರ್ ನರ ಕೆಟ್ಟವರಲ್ಲಿ ಉಂಗುರಬೆರಳನ್ನು ಮುಟ್ಟಬಾರದು. ಅಲ್ಲಿ ಆ ಬೆರಳಿನ ಎಫ್‌ಡಿಪಿ ಆಗಲೇ ಕೆಲಸ ಮಾಡುತ್ತಿಲ್ಲ, ಮಡಚುವ ಬಲವೆಲ್ಲ ಎಫ್‌ಡಿಎಸ್‌ನದು. ಅದನ್ನೂ ತೆಗೆದರೆ ನಡುಗೆಣ್ಣು, ತುದಿಗೆಣ್ಣು ಎರಡನ್ನೂ ಮಡಚುವವರೇ ಉಳಿಯುವುದಿಲ್ಲ. ಆಗ ನಡುಬೆರಳಿನದನ್ನು ತೆಗೆಯಬಹುದು, ಅದರ ಎಫ್‌ಡಿಪಿ ಮೀಡಿಯನ್ ಕಡೆಯದು. ಕಿರುಬೆರಳಿನ ಎಫ್‌ಡಿಎಸ್ ಉಂಗುರಬೆರಳಿಗೆ ಬೆಸೆದಿದೆಯೇ ಎಂಬುದನ್ನೂ ಮೊದಲೇ ನೋಡಿ. ಬೆಸೆದಿದ್ದರೆ ತೆಗೆಯುವಾಗ ಆ ಎಳೆಯನ್ನು ಬಿಡಿಸದೆ ಟೆಂಡನ್ ಅಂಗೈಗೆ ಬರುವುದಿಲ್ಲ, ಬಿಡಿಸಿದರೆ ಕಿರುಬೆರಳೂ ಸೊರಗಬಹುದು.

ಕೈ_ಗಾಯ

ತೆಗೆಯುವ ಮಟ್ಟದ ಬಗ್ಗೆ ಒಂದು ಮಾತು. ನಡುಮೂಳೆಗೆ ಅಂಟುವ ಜಾಗದಲ್ಲೇ ಕತ್ತರಿಸಿದರೆ ಟೆಂಡನ್ ಉದ್ದ ಸಿಗುತ್ತದೆ ನಿಜ, ಆದರೆ ಕೀಲು ಸಡಿಲ ಇರುವವರಲ್ಲಿ ನಡುಗೆಣ್ಣು ಹಿಂದಕ್ಕೆ ಬಾಗಿ, ತುದಿಗೆಣ್ಣು ಮುಂದಕ್ಕೆ ಬಾಗುವ ವಿಕಾರ ಬರುತ್ತದೆ. ನಡುಗೆಣ್ಣಿಗಿಂತ ಬುಡದ ಕಡೆಗೆ, ಬುಡಮೂಳೆಯ ಮಟ್ಟದಲ್ಲಿ ಕತ್ತರಿಸಿ, ಸೀಳುಗಳ ಮೋಟುಗಳನ್ನು ಕೀಲಿನ ಮುಂದೆ ಉಳಿಸಿದರೆ ಅವೇ ಆಸರೆಯಾಗಿ ನಿಲ್ಲುತ್ತವೆ. ತೀರಾ ಸಡಿಲ ಕೀಲಿದ್ದರೆ ಒಂದು ಮೋಟನ್ನು ಬುಡಮೂಳೆಗೆ ಹೊಲಿದು, ನಡುಗೆಣ್ಣನ್ನು ತುಸು ಬಾಗಿದ ಸ್ಥಿತಿಯಲ್ಲಿ ಮೂರ್ನಾಲ್ಕು ವಾರ ಕಾಪಾಡಬೇಕು.